ಕೈಯಲ್ಲೇ ಹಿಡಿದು ಹಕ್ಕಿ ತೆಗೆಯೋರಿಗೆ ಯಾವ ದೊಡ್ಡ ಝೂಮ್ ಲೆನ್ಸ್?

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ನಿಲ್ಲಿಸಿ ಏನೂ ಪ್ರಯೋಜನವಿಲ್ಲ. ದೋಣಿಯೇ ತೂಗುತ್ತಿರುವಾಗ ಅದರ ಕಾಲುಗಳು ತಾನೇ ಏನು ಮಾಡಿಯಾವು? ಹಾಗಾಗಿ ಎರಡು ಕೆಜಿ ಮೀರಿದ ಲೆನ್ಸನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಎದುರಿನ ಬಂಡೆಯ ಮೇಲೆ ಬಣ್ಣದ ಕೊಕ್ಕರೆ. ಅದು ರೆಕ್ಕೆ ಬಿಚ್ಚುವುದನ್ನೇ ಕಾಯುತ್ತಿದ್ದೆ. ಮೊದಲ ನಿಮಿಷ ಆರಾಮ. ಎರಡನೇ ನಿಮಿಷಕ್ಕೆ ಎಡ ಮುಂಗೈ ಬಿಗಿಯಿತು. ಮೂರನೇ ನಿಮಿಷಕ್ಕೆ ವ್ಯೂಫೈಂಡರಿನೊಳಗೆ ಕೊಕ್ಕರೆ ಕುಣಿಯತೊಡಗಿತು. ಒಂಚೂರು ಸುಧಾರಿಸಿಕೊಳ್ಳೋಣ ಅಂತ ಲೆನ್ಸನ್ನು ತೊಡೆಗೆ ಇಳಿಸಿದೆ. ಆಗ ಕೊಕ್ಕರೆ ಬಾಲ ಎತ್ತಿ ಹಿಕ್ಕೆ ಹಾಕಿತು.

"ಎತ್ಕೊಳಿ ಸಾರ್, ಈಗ ಹಾರ್ತದೆ" ಅಂದರು ದೋಣಿಯಣ್ಣ.

ಅವರಿಗೆ ಗೊತ್ತು, ಹಾರುವ ಮುಂಚೆ ಬಹಳ ಹಕ್ಕಿಗಳು ಹೀಗೆ ಹಗುರಾಗುತ್ತವೆ. ನನಗೂ ಗೊತ್ತಿತ್ತು. ಆದರೆ ಎತ್ತಿ, ಹಕ್ಕಿಯನ್ನು ಹುಡುಕಿ, ಫೋಕಸ್ ಮಾಡುವಷ್ಟರಲ್ಲಿ ಅದು ಮರದಾಚೆ ಹೋಗಿತ್ತು. ನನಗೆ ಸಿಕ್ಕಿದ್ದು ಬಂಡೆ ಮತ್ತು ಅದರ ಮೇಲಿನ ಬಿಳಿ ಕಲೆ.

ದೊಡ್ಡ ಝೂಮ್ ಕೊಳ್ಳಬೇಕೆನ್ನುವವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "600 ಸಾಕಾ, 800 ಬೇಕಾ?" ಲೆನ್ಸಿನ ಎಂಎಂ ಅಂಕಿ ಅದು, ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಆ ದೋಣಿಯ ಬೆಳಗಿನ ನಂತರ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಎಷ್ಟು ಹೊತ್ತು ಹಿಡಿದಿರ್ತೀರಿ? ಟ್ರೈಪಾಡಿನ ಮೇಲೆ ಇಡುವುದಾದರೆ ಲೆಕ್ಕವೇ ಬೇರೆ. ಕೈಯಲ್ಲಿ ಹಿಡಿದು ಕೆರೆ ಏರಿಯ ಮೇಲೆ ನಡೆಯುವವರು, ದೋಣಿಯಲ್ಲಿ ಕೂರುವವರು, ಸಫಾರಿ ಜೀಪಿನಲ್ಲಿ ಹೋಗುವವರು ಲೆನ್ಸ್ ಆರಿಸುವ ಕ್ರಮ ಬೇರೆಯೇ ಇರಬೇಕು.

ಮೊದಲು ನೋಡಬೇಕಾದದ್ದು

ತೂಕದಿಂದ ಶುರು ಮಾಡೋಣ. ಕಂಪನಿ ಕೊಡುವ ತೂಕದಲ್ಲಿ ಒಂದು ಮೋಸವಿದೆ. ಮೋಸ ಅನ್ನುವುದಕ್ಕಿಂತ ಜಾಣತನ ಅನ್ನಿ. ಬಹಳ ಸಲ ಅದು ಟ್ರೈಪಾಡ್ ಕಾಲರ್ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆ) ಅಥವಾ ಅದರ ಪಾದ ಬಿಚ್ಚಿಟ್ಟ ತೂಕ. ಅದಕ್ಕೆ 150ರಿಂದ 200 ಗ್ರಾಂ ಸೇರಿಸಿ. ಹುಡ್, ಬಾಡಿ (ಅಂದರೆ ಕ್ಯಾಮೆರಾ), ಬ್ಯಾಟರಿ ಸೇರಿಸಿ. 2 ಕೆಜಿ ಲೆನ್ಸ್ ಅಂದರೆ ಕೈಗೆ ಬರುವುದು 3 ಕೆಜಿ.

ಇದನ್ನು ಅಂಗಡಿಗೆ ಹೋಗದೆಯೂ ಪರೀಕ್ಷೆ ಮಾಡಬಹುದು. 2 ಲೀಟರ್ ನೀರಿನ ಬಾಟಲಿ ತುಂಬಿಸಿಕೊಳ್ಳಿ. ಬಲಗೈಯಲ್ಲಿ ನಿಮ್ಮ ಬಾಡಿ, ಎಡಗೈ ಮೇಲೆ ಬಾಟಲಿ. ಎಡ ಮೊಣಕೈ ಪಕ್ಕೆಲುಬಿಗೆ ಒತ್ತಿರಲಿ. ಕಣ್ಣಿನ ಮಟ್ಟಕ್ಕೆ ಎತ್ತಿ ಗಡಿಯಾರ ನೋಡಿ. 2 ನಿಮಿಷ ನಡುಗದೆ ಹಿಡಿದರೆ ದೊಡ್ಡ ಲೆನ್ಸುಗಳ ಸಾಲು ನಿಮಗೆ ತೆರೆದಿದೆ. 40 ಸೆಕೆಂಡಿಗೇ ಬಾಟಲಿ ಇಳಿಯಿತೋ, 1.5 ಕೆಜಿ ಒಳಗಿನವನ್ನು ಮಾತ್ರ ನೋಡಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಮನೆಯವರು ನಗಬಹುದು, ಅಷ್ಟೇ.

ತೂಕದಷ್ಟೇ ಮುಖ್ಯ, ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಕೆಲವು ಲೆನ್ಸುಗಳು ಝೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಗಾಜುಗಳು ಒಳಗೇ ಸರಿಯುತ್ತವೆ. ಅಂಥವುಗಳಲ್ಲಿ ಎಡ ಅಂಗೈ ಒಂದು ಕಡೆ ಇಟ್ಟರೆ ಮುಗಿಯಿತು, ತೂಕ ಅಲ್ಲೇ ಇರುತ್ತದೆ. ಇನ್ನು ಕೆಲವು ಆಮೆ ಕತ್ತು ಚಾಚಿದಂತೆ ಮುಂದಕ್ಕೆ ಬೆಳೆಯುತ್ತವೆ. ಭಾರದ ಗಾಜು ಮುಂದೆ ಹೋದಂತೆ ಲೆನ್ಸಿನ ಮೂಗು ಕೆಳಗೆ ಜಗ್ಗುತ್ತದೆ. ಕೈಯನ್ನು ಮುಂದೆ ಸರಿಸಿ ಹಿಡಿಯಬೇಕು. ಆದರೆ ಮುಚ್ಚಿದಾಗ ಇವು ಚಿಕ್ಕವು. ಬಸ್ಸಿನಲ್ಲಿ ಹೋಗುವವರಿಗೆ, ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯುವವರಿಗೆ ಅದೇ ವರ. ಝೂಮ್ ರಿಂಗ್ ಎಷ್ಟು ತಿರುಗಬೇಕು ಅನ್ನುವುದನ್ನೂ ನೋಡಿ. ಒಂದೇ ತಿರುವಿಗೆ ಈ ತುದಿಯಿಂದ ಆ ತುದಿಗೆ ಹೋದರೆ ಹಾರುವ ಹಕ್ಕಿ ಕೈ ತಪ್ಪುವುದಿಲ್ಲ.

ಆಮೇಲೆ ಬೆಳಕು. ಹಕ್ಕಿಗಳಿಗೆ ಪ್ರೀತಿ ಬೆಳಿಗ್ಗೆ ಆರೂವರೆಯ ಬೆಳಕಿನ ಮೇಲೆ. ಪೂರ್ತಿ ಝೂಮ್ ಮಾಡಿದಾಗ ಈ ಲೆನ್ಸುಗಳ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್ 5.6ರಿಂದ ಎಫ್ 9ರವರೆಗೆ ಇದೆ. ಅಂಕಿ ಏರಿದಷ್ಟೂ ಬೆಳಕು ಕಡಿಮೆ. 5.6ಕ್ಕೂ 6.3ಕ್ಕೂ ವ್ಯತ್ಯಾಸ ಒಂದು ಸ್ಟಾಪಿನ (ಬೆಳಕು ಅರ್ಧವಾಗುವ ಅಥವಾ ದುಪ್ಪಟ್ಟಾಗುವ ಅಳತೆ) ಮೂರನೇ ಒಂದು ಭಾಗ, ತಲೆ ಕೆಡಿಸಿಕೊಳ್ಳಬೇಡಿ. ಆದರೆ 6.3ರಿಂದ 9ಕ್ಕೆ ಹೋದರೆ ಒಂದು ಪೂರ್ತಿ ಸ್ಟಾಪ್. ಬೆಳಕು ಅರ್ಧ. ಒಂದರಲ್ಲಿ ಐಎಸ್ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿದಷ್ಟೂ ಚಿತ್ರ ಕಾಳುಕಾಳು) 3200 ಸಾಕಾಗುವ ಕಡೆ ಇನ್ನೊಂದಕ್ಕೆ 6400 ಬೇಕು.

ಸ್ಟೆಬಿಲೈಸೇಶನ್, ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ, ಅದರ ಬಗ್ಗೆ ಒಂದು ಮಾತು. 5 ಸ್ಟಾಪ್ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಅಂದರೆ ಶಟರ್ ವೇಗ 1/640 ಸೆಕೆಂಡ್ ಬೇಕಾದ ಕಡೆ 1/20ರಲ್ಲೂ ಕೈ ನಡುಕ ಕಾಣದು ಅಂತ ಲೆಕ್ಕ. ಒಂದು ಸಂಜೆ ತಾರಸಿಯಲ್ಲಿ ನಿಂತು ಆಚೆ ಬೀದಿಯ ನೀರಿನ ಟ್ಯಾಂಕಿನ ಅಕ್ಷರಗಳನ್ನು 600ರಲ್ಲಿ ತೆಗೆದೆ. ಪ್ರತಿ ವೇಗಕ್ಕೂ ಹತ್ತು ಚಿತ್ರ. 1/500ರಲ್ಲಿ ಹತ್ತೂ ಚೂಪು. 1/125ರಲ್ಲಿ ಎಂಟು. 1/30ರಲ್ಲಿ ಎರಡೋ ಮೂರೋ. ಅಷ್ಟರಲ್ಲಿ ಟ್ಯಾಂಕಿನ ಮೇಲೆ ಪಿಕಳಾರ ಬಂದು ಕೂತಿತು. 1/125ರಲ್ಲಿ ಅಕ್ಷರ ಸ್ಪಷ್ಟ, ಪಿಕಳಾರದ ತಲೆ ಮಸಕು. ಅದು ಕತ್ತು ಆಡಿಸುತ್ತಲೇ ಇತ್ತು. ಸ್ಟೆಬಿಲೈಸೇಶನ್ ನಿಮ್ಮ ಕೈಯನ್ನು ನಿಲ್ಲಿಸಬಹುದು, ಹಕ್ಕಿಯನ್ನಲ್ಲ. ಕೂತ ಹಕ್ಕಿಗೆ 1/500, ಹಾರುವುದಕ್ಕೆ 1/2000 ಅಥವಾ ಮೇಲೆ ಇಟ್ಟುಕೊಳ್ಳಿ. ಹಾಗಾದರೆ ಸ್ಟೆಬಿಲೈಸೇಶನ್ ಏಕೆ ಬೇಕು? ವ್ಯೂಫೈಂಡರಿನಲ್ಲಿ ಚಿತ್ರ ನಿಂತಿರಲಿ ಅಂತ. ಚಿತ್ರ ನಿಂತರೆ ಫೋಕಸ್ ಚುಕ್ಕೆ ಕಣ್ಣಿನ ಮೇಲೆ ನಿಲ್ಲುತ್ತದೆ. ಕೈಯಲ್ಲಿ ಹಿಡಿಯುವವರಿಗೆ ನಿಜವಾದ ಲಾಭ ಇದು.

ಉದ್ದ, ಅಂದರೆ ಎಂಎಂ, ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. 600ರಲ್ಲಿ ನಿಮಗೆ ಕಾಣುವುದು ಸುಮಾರು 4 ಡಿಗ್ರಿಯಷ್ಟು ಜಗತ್ತು. 800ರಲ್ಲಿ 3. ಹಾರುವ ನದಿ ರೀವವನ್ನು (ರಿವರ್ ಟರ್ನ್) 3 ಡಿಗ್ರಿಯ ಕಿಂಡಿಯಲ್ಲಿ ಹುಡುಕುವುದೆಂದರೆ ಪೈಪಿನೊಳಗಿಂದ ಸೊಳ್ಳೆ ಹುಡುಕಿದಂತೆ. ಇನ್ನೊಂದು ವಿಷಯ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬಿಸಿಲು ಏರಿದ ಮೇಲೆ ನೆಲದಿಂದ ಕಾವು ಏಳುತ್ತದೆ. ದೂರದ ಸೆಳೆವ (ಹ್ಯಾರಿಯರ್) ಹಕ್ಕಿ ನೀರೊಳಗಿನ ಮೀನಿನಂತೆ ಅಲುಗುತ್ತದೆ. ಆಗ 500 ಆದರೂ ಅಷ್ಟೇ, 800 ಆದರೂ ಅಷ್ಟೇ. ನೋಡಬೇಕಾದದ್ದು ಅಲುಗುವ ಗಾಳಿಯ ಮೂಲಕವೇ ತಾನೇ.

ಸೋನಿ 200-600, ನಿಕಾನ್ ಝಡ್ 180-600

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ, ಅಣ್ಣತಮ್ಮಂದಿರಂತೆ ಇವೆ. ಸೋನಿ 2019ರಲ್ಲಿ ಬಂತು, ನಿಕಾನ್ 2023ರಲ್ಲಿ. ಎರಡೂ ಎಫ್ 5.6-6.3. ಎರಡೂ ಒಳಗೇ ಝೂಮ್ ಆಗುತ್ತವೆ. ಎರಡರ ಉದ್ದವೂ 32 ಸೆಂ.ಮೀ ಆಸುಪಾಸು. ಎರಡಕ್ಕೂ 95 ಎಂಎಂ ಫಿಲ್ಟರ್. ಟ್ರೈಪಾಡ್ ಭಾಗ ಬಿಟ್ಟು ಸೋನಿ 2115 ಗ್ರಾಂ, ನಿಕಾನ್ 1955 ಗ್ರಾಂ. ನಿಕಾನ್ ರಿಂಗ್ 70 ಡಿಗ್ರಿ ತಿರುಗಿದರೆ ಈ ತುದಿಯಿಂದ ಆ ತುದಿ. ಸೋನಿಯದೂ ಅಷ್ಟೇ ಸಲೀಸು, ಒಂದು ಬೆರಳಿಗೆ ತಿರುಗುತ್ತದೆ.

ಕೈಯಲ್ಲಿ ಹಿಡಿದು ಹಾರುವ ಹಕ್ಕಿ ತೆಗೆಯಬೇಕು, ಬಜೆಟ್ ಎರಡು ಲಕ್ಷದ ಸುತ್ತಮುತ್ತ, ತೋಳಲ್ಲಿ ಸ್ವಲ್ಪ ಕಸುವಿದೆ ಅನ್ನುವವರಿಗೆ ಇವಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುತ್ತದಲ್ಲ, ಅದನ್ನು 300ರಲ್ಲಿ ಹುಡುಕಿ ಹಿಡಿದು, ಬೆರಳಾಡಿಸಿ 600ಕ್ಕೆ ಹೋಗುವುದು, ಅದು ಧುಮುಕುವಾಗ ಮತ್ತೆ ಹಿಂದೆ ಬರುವುದು, ಇವೆಲ್ಲ ಈ ಲೆನ್ಸುಗಳಲ್ಲಿ ಕಣ್ಣು ತೆಗೆಯದೆ ಆಗುತ್ತದೆ. ಎಡಗೈ ಕದಲಬೇಕಿಲ್ಲ.

ತೊಂದರೆ ಮೂರು. ಚೀಲ ದೊಡ್ಡದು ಬೇಕು. ಕಬಿನಿಯ ಸಫಾರಿಯಲ್ಲಿ ಆನೆ ಜೀಪಿನ ಪಕ್ಕಕ್ಕೇ ಬಂದರೆ 200ರಲ್ಲಿ ಸಿಗುವುದು ಒಂದು ಕಣ್ಣು, ಅರ್ಧ ಕಿವಿ. ಮೂರನೆಯದು, ಹತ್ತಿರದ ಫೋಕಸ್. 600ರಲ್ಲಿ ಎರಡೂ 2.4 ಮೀಟರಿಗಿಂತ ಹತ್ತಿರ ಬಂದುದನ್ನು ಹಿಡಿಯುವುದಿಲ್ಲ. ಹಕ್ಕಿಗೆ ಪರವಾಗಿಲ್ಲ, ಚಿಟ್ಟೆಗೆ ಕಷ್ಟ.

ಇವೆರಡರ ನಡುವೆ ಆಯ್ಕೆ ಹೇಗೆ? ಆಯ್ಕೆಯೇ ಇಲ್ಲ. ನಿಮ್ಮ ಬಾಡಿ ಯಾವುದೋ ಲೆನ್ಸ್ ಅದೇ. ಒಂದು ಲೆನ್ಸಿಗಾಗಿ ಇಡೀ ಸಂಸಾರ ಬದಲಿಸಬೇಡಿ.

ಕ್ಯಾನನ್ ಇರುವವರ ಗೊಂದಲ

ನಿಜವಾಗಿ ತಲೆ ಕೆರೆದುಕೊಳ್ಳುವವರು ಕ್ಯಾನನ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಇರುವವರು. ಅವರ ಮುಂದೆ ಮೂರು ದಾರಿ ಇವೆ, ಮೂರೂ ಮೂರು ದಿಕ್ಕಿಗೆ.

ಆರ್‌ಎಫ್ 100-500 2020ರಲ್ಲಿ ಬಂತು. ಕಾಲರ್ ಬಿಟ್ಟು 1370 ಗ್ರಾಂ. ಮುಚ್ಚಿದಾಗ 21 ಸೆಂ.ಮೀ, ಮಾಮೂಲಿ ಭುಜದ ಚೀಲಕ್ಕೆ ಹೋಗುತ್ತದೆ. ಇಡೀ ಬೆಳಿಗ್ಗೆ ಕುತ್ತಿಗೆಯಲ್ಲಿದ್ದರೂ ಮಧ್ಯಾಹ್ನ ಊಟಕ್ಕೆ ಕೈ ಎತ್ತಬಹುದು. 500ರಲ್ಲೂ 1.2 ಮೀಟರಿನಷ್ಟು ಹತ್ತಿರ ಫೋಕಸ್ ಆಗುವುದರಿಂದ ಚಿಟ್ಟೆ, ಕಪ್ಪೆ, ಏರೋಪ್ಲೇನ್ ಚಿಟ್ಟೆ ಎಲ್ಲ ಇದರಲ್ಲೇ ಆಗುತ್ತದೆ. 100ರಿಂದ ಶುರು ಆಗುವುದರಿಂದ ಕಬಿನಿಯ ಆನೆ ಪೂರ್ತಿ ಸಿಗುತ್ತದೆ. ಆದರೆ 500ರಲ್ಲಿ ಎಫ್ 7.1. ಎಕ್ಸ್‌ಟೆಂಡರ್ (ಎಂಎಂ ಹೆಚ್ಚಿಸಲು ಬಾಡಿಗೂ ಲೆನ್ಸಿಗೂ ನಡುವೆ ಕೂರಿಸುವ ಗಾಜು) ಹಾಕಿದರೆ 300ರಿಂದ ಕೆಳಗೆ ಝೂಮ್ ಇಳಿಯುವುದಿಲ್ಲ, ಹಾಗಾಗಿ ಮುಚ್ಚಿ ಚೀಲಕ್ಕೆ ಹಾಕಲೂ ಆಗದು. ಬೆಲೆಯೂ ಇಲ್ಲಿ ಹೇಳುತ್ತಿರುವ ಝೂಮ್‌ಗಳಲ್ಲೇ ಜಾಸ್ತಿ.

ಆರ್‌ಎಫ್ 200-800 ಬಂದದ್ದು 2023ರಲ್ಲಿ. 2050 ಗ್ರಾಂ. ಹೆಸರು ಕೇಳಿದರೇ ಆಸೆ ಹುಟ್ಟುತ್ತದೆ. ಆದರೆ ಇದು ಮುಂದಕ್ಕೆ ಬೆಳೆಯುವ ಲೆನ್ಸ್. 800ರಲ್ಲಿ ಎಫ್ 9, 600ರಲ್ಲೇ ಎಫ್ 8. ಟ್ರೈಪಾಡ್ ಪಾದ ಬಿಚ್ಚಲಾಗದು. ಒಳ್ಳೆಯ ಬಿಸಿಲಿನಲ್ಲಿ, ಕೊಕ್ಕರೆ ಬೆಳ್ಳೂರಿನ ಮರದ ತುದಿಯ ಹೆಜ್ಜಾರ್ಲೆ ಗೂಡಿಗೆ, ಕೆರೆಯ ಆಚೆ ದಡದ ಬಾತುಗಳಿಗೆ ಇದು ಸೊಗಸು. ಹಕ್ಕಿ ಕೂತಿರಬೇಕು, ಬೆಳಕು ಇರಬೇಕು. ಮಲೆನಾಡಿನ ಕಾಡೊಳಗೆ, ಮೋಡ ಕವಿದ ದಿನ, ಗಣೇಶಗುಡಿಯಲ್ಲಿ ಮರದ ನೆರಳಿನ ನೀರಿನ ತೊಟ್ಟಿಗೆ ಬರುವ ಪುಟ್ಟ ಹಕ್ಕಿಗಳಿಗೆ ಇದನ್ನು ಒಯ್ದರೆ ಐಎಸ್ಒ ಅಂಕಿ ನೋಡಿ ನಿಮಗೇ ಗಾಬರಿಯಾದೀತು. ಅಲ್ಲಿ ಹಕ್ಕಿ ಕೆಲವೇ ಮೀಟರ್ ದೂರ ಬರುತ್ತದೆ, 800 ಬೇಕಾಗಿಯೂ ಇಲ್ಲ.

ಮೂರನೆಯದು ಆರ್‌ಎಫ್ 100-400, 2021ರದು. ಇದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ. ತೂಕ 635 ಗ್ರಾಂ, ಬೆಲೆ ಲಕ್ಷದೊಳಗೆ. ಆರ್7 ಬಾಡಿಗೆ ಹಾಕಿದರೆ, ಅದರ ಸೆನ್ಸರ್ ಚಿಕ್ಕದಾಗಿ 1.6 ಪಟ್ಟು ಕ್ರಾಪ್ ಸಿಗುವುದರಿಂದ 640ರಷ್ಟು ಹತ್ತಿರ ಕಾಣುತ್ತದೆ. ಬಾಡಿ, ಲೆನ್ಸ್ ಎರಡೂ ಸೇರಿ ಒಂದೂಕಾಲು ಕೆಜಿ. 400ರಲ್ಲಿ ಎಫ್ 8, ಮಳೆ ಧೂಳಿಗೆ ಸೀಲ್ ಇಲ್ಲ. ಇರಲಿ ಬಿಡಿ. ನಿವೃತ್ತಿಯಾದ ನಮ್ಮ ಮೇಷ್ಟ್ರೊಬ್ಬರಿಗೆ ಭುಜದ ನೋವು. ಎರಡು ಕೆಜಿ ಲೆನ್ಸ್ ತೆಗೆದುಕೊಂಡು ಆರು ತಿಂಗಳು ಬೀರುವಿನಲ್ಲಿ ಇಟ್ಟಿದ್ದರು. ಈಗ ಈ ಚಿಕ್ಕದನ್ನು ಹಿಡಿದು ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ. ಅವರಿಗೆ ಸಿಗುವಷ್ಟು ಮಿಂಚುಳ್ಳಿ ನನಗೆ ಸಿಕ್ಕಿಲ್ಲ.

ಹಾಗಾಗಿ ಕ್ಯಾನನ್‌ನವರಿಗೆ ನನ್ನ ಸಲಹೆ. ದುಡ್ಡಿದ್ದು, ಎಲ್ಲ ಬಗೆಯ ಜೀವಿ ತೆಗೆಯುವುದಾದರೆ 100-500. ಕೆರೆ, ದೂರದ ಹಕ್ಕಿ, ಬಿಸಿಲು ಇಷ್ಟೇ ಆದರೆ 200-800. ಆಸಕ್ತಿ ಎಷ್ಟು ದಿನ ಉಳಿಯುತ್ತದೋ ಗೊತ್ತಿಲ್ಲ ಅನ್ನುವವರು ಕಣ್ಣು ಮುಚ್ಚಿ 100-400.

ಕಡಿಮೆ ದುಡ್ಡಿನ ದಾರಿಗಳು

ನಿಕಾನ್ 200-500 ಎಫ್ 5.6, 2015ರ ಲೆನ್ಸ್. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಕಾಲದಲ್ಲಿ ನಮ್ಮ ಹಕ್ಕಿ ಗೆಳೆಯರಲ್ಲಿ ಅರ್ಧ ಜನರ ಕೈಯಲ್ಲಿ ಇದೇ ಇತ್ತು. ಈಗ ಮಿರರ್‌ಲೆಸ್‌ಗೆ ಹೋಗುವವರು ಮಾರುತ್ತಿರುವುದರಿಂದ ಬಳಸಿದ್ದು ಲಕ್ಷದೊಳಗೆ ಸಿಗುತ್ತದೆ. 500ರವರೆಗೂ 5.6 ಬಿಡುವುದಿಲ್ಲ, ಮುಂಜಾನೆ ಅದು ದೊಡ್ಡ ಮಾತು. ಆದರೆ ಕಾಲರ್ ಸೇರಿ 2300 ಗ್ರಾಂ. ಝೂಮ್ ರಿಂಗ್ ಒಂದೇ ತಿರುವಿಗೆ ಮುಗಿಯುವುದಿಲ್ಲ, ಕೈ ಬದಲಿಸಿ ಮತ್ತೆ ತಿರುಗಿಸಬೇಕು. ಕೂತ ಹಕ್ಕಿಗೆ ಪರವಾಗಿಲ್ಲ.

ಸಿಗ್ಮಾ 150-600 ಕಂಟೆಂಪರರಿ ಮತ್ತು ಟ್ಯಾಮ್ರಾನ್ 150-600 ಜಿ2, ಎರಡೂ ಡಿಎಸ್‌ಎಲ್‌ಆರ್‌ನವರ ಬಡವರ ಬಂಧುಗಳು. ಎರಡೂ 2 ಕೆಜಿ ಹತ್ತಿರ, ಎರಡೂ ಮುಂದಕ್ಕೆ ಬೆಳೆಯುತ್ತವೆ. ಅಡಾಪ್ಟರ್ ಹಾಕಿ ಮಿರರ್‌ಲೆಸ್‌ನಲ್ಲಿ ಬಳಸುವ ಯೋಚನೆ ಇದ್ದರೆ ಕೊಳ್ಳುವ ಮೊದಲು ನಿಮ್ಮದೇ ಬಾಡಿಗೆ ಹಾಕಿ ಹಾರುವ ಕಾಗೆ ತೆಗೆದು ನೋಡಿ. ಸಿಗ್ಮಾದ ಹಳೆಯ ಸ್ಪೋರ್ಟ್ಸ್ ಅನ್ನುವ ಅಣ್ಣ 2860 ಗ್ರಾಂ ಇದ್ದಾನೆ. ಕೈಯಲ್ಲಿ ಹಿಡಿಯೋರು ಆ ಕಡೆ ತಿರುಗಿಯೂ ನೋಡಬೇಡಿ.

ಸೋನಿ, ನಿಕಾನ್ ಝಡ್, ಫ್ಯೂಜಿ ಬಾಡಿ ಇರುವವರಿಗೆ ಟ್ಯಾಮ್ರಾನ್ 150-500 ಇದೆ. ಕಾಲರ್ ಬಿಟ್ಟು 1725 ಗ್ರಾಂ, ಮುಚ್ಚಿದರೆ 21 ಸೆಂ.ಮೀ. ಪ್ರಯಾಣ ಜಾಸ್ತಿ ಮಾಡುವವರಿಗೆ 100 ಎಂಎಂ ಬಿಟ್ಟುಕೊಟ್ಟು ಅರ್ಧ ಚೀಲ ಗಳಿಸಿದಂತೆ. ಒಂದು ನೆನಪಿರಲಿ. ಸೋನಿ ಬಾಡಿಗಳಲ್ಲಿ ಬೇರೆ ಕಂಪನಿಯ ಲೆನ್ಸ್ ಹಾಕಿದರೆ ಸೆಕೆಂಡಿಗೆ 15 ಫ್ರೇಮಿಗಿಂತ ಮೇಲೆ ಹೋಗುವುದಿಲ್ಲ, ಸೋನಿಯ ಟೆಲಿಕನ್ವರ್ಟರೂ (ಎಕ್ಸ್‌ಟೆಂಡರಿನ ಇನ್ನೊಂದು ಹೆಸರು) ಕೂರುವುದಿಲ್ಲ. ಫ್ಯೂಜಿಯವರಿಗೆ ಅವರದೇ 150-600 ಕೂಡ ಇದೆ. ಒಳಗೇ ಝೂಮ್ ಆಗುವ ಲೆನ್ಸ್, ಆದರೂ 1605 ಗ್ರಾಂ. 600ರಲ್ಲಿ ಎಫ್ 8 ಅನ್ನುವುದೊಂದೇ ಬೆಲೆ.

ಲೆನ್ಸ್ ಬದಲಿಸುವ ಉಸಾಬರಿಯೇ ಬೇಡ ಅನ್ನುವವರು ನಿಕಾನ್ ಕೂಲ್‌ಪಿಕ್ಸ್ ಪಿ1000 ಕೇಳುತ್ತಾರೆ. 3000 ಎಂಎಂನಷ್ಟು ಹತ್ತಿರ ತರುತ್ತದೆ, 1415 ಗ್ರಾಂ. ಚಂದ್ರನ ಕುಳಿ, ಮರದ ಮೇಲೆ ಕೂತ ಗರುಡ, ಹಕ್ಕಿ ಯಾವುದೆಂದು ಗುರುತು ಹಿಡಿಯಲು ಒಂದು ದಾಖಲೆ, ಇವಕ್ಕೆ ಚೆನ್ನ. ಸೆನ್ಸರ್ ಬೆರಳುಗುರಿನಷ್ಟು. ಬೆಳಕು ಇಳಿದರೆ ಅದರ ಆಟ ಮುಗಿಯಿತು.

ಒಂದು ದಿನ ಬಾಡಿಗೆಗೆ ತಂದು ನೋಡಿ

ಬೆಂಗಳೂರಿನಲ್ಲಿ ಲೆನ್ಸ್ ದಿನಬಾಡಿಗೆಗೆ ಸಿಗುತ್ತದೆ. ಲಕ್ಷಗಟ್ಟಲೆ ಹಾಕುವ ಮುಂಚೆ ಒಂದು ಶನಿವಾರ ತನ್ನಿ. ನಾನು ಒಮ್ಮೆ ತಂದದ್ದರಲ್ಲಿ ಕಾಲರಿನ ತಿರುಪು ಸಡಿಲವಿತ್ತು. ಪಟ್ಟಿಯನ್ನು ಕಾಲರಿಗೇ ಕಟ್ಟಿದ್ದೆ. ಏರಿಯ ಮೇಲೆ ನಡೆಯುವಾಗ ಲೆನ್ಸ್ ಮೆಲ್ಲಗೆ ತಿರುಗಿ ಕಳಚುವುದರಲ್ಲಿತ್ತು, ಪುಣ್ಯಕ್ಕೆ ಕೈ ಅದರ ಮೇಲೇ ಇತ್ತು. ಅಂದಿನಿಂದ ಅಂಗಡಿಯಲ್ಲೇ ಪ್ರತಿ ತಿರುಪನ್ನೂ ಒಮ್ಮೆ ಬಿಗಿ ಮಾಡಿ ಹೊರಡುತ್ತೇನೆ.

ತಂದ ದಿನ ಮನೆಯಲ್ಲಿ ಗೋಡೆ ಕ್ಯಾಲೆಂಡರ್ ತೆಗೆದು ಚೂಪು ನೋಡುತ್ತಾ ಕೂರಬೇಡಿ. ಹೊರಗೆ ಹೋಗಿ. ಕಾಲರಿನ ಪಾದ ಬಿಚ್ಚಿ, ಬಿಚ್ಚಲಾಗದಿದ್ದರೆ ಮೇಲಕ್ಕೆ ತಿರುಗಿಸಿ. ಆಗ ಲೆನ್ಸಿನ ಹೊಟ್ಟೆ ಅಂಗೈ ಮೇಲೆ ಚೆನ್ನಾಗಿ ಕೂರುತ್ತದೆ. ಮೊದಲು ಹತ್ತು ನಿಮಿಷ ಕಾಗೆ, ಗರುಡ ಹಿಂಬಾಲಿಸಿ. ಆಮೇಲೆ ಕೂತ ಹಕ್ಕಿಯೊಂದನ್ನು ಹಾರುವವರೆಗೆ ಕಾಯಿರಿ, ಲೆನ್ಸ್ ಇಳಿಸದೆ. ಎರಡು ಗಂಟೆ ಕಳೆದ ಮೇಲೆ ತೆಗೆದ ಚಿತ್ರಗಳನ್ನು ಮೊದಲ ಹತ್ತು ನಿಮಿಷದ ಚಿತ್ರಗಳ ಪಕ್ಕ ಇಟ್ಟು ನೋಡಿ. ಮಸಕಾದವು ಎಷ್ಟು ಹೆಚ್ಚಿವೆ? ಆ ವ್ಯತ್ಯಾಸ ಯಾವ ಯೂಟ್ಯೂಬ್ ವಿಡಿಯೋದಲ್ಲೂ ಸಿಗುವುದಿಲ್ಲ, ಅದು ನಿಮ್ಮ ತೋಳಿನದು.

ಸಫಾರಿಗೇ ಜಾಸ್ತಿ ಹೋಗುವವರಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಟ್ಟೆಯ ಚೀಲಕ್ಕೆ ಎರಡು ಕೆಜಿ ರಾಗಿ ತುಂಬಿ ಜೀಪಿನ ಕಂಬಿಯ ಮೇಲಿಡಿ, ಎಷ್ಟು ಭಾರದ ಲೆನ್ಸಾದರೂ ಅದರ ಮೇಲೆ ಮಲಗುತ್ತದೆ. ಎಂಜಿನ್ ಆಫ್ ಮಾಡಲು ಹೇಳುವುದು ಮರೆಯಬೇಡಿ. ಕೆಲವು ಕಡೆ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ.

ಬಳಸಿದ್ದನ್ನು ಕೊಳ್ಳುವುದಾದರೆ ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಮಾಮೂಲಿ. ಧೂಳಿನ ಒಂದೆರಡು ಕಣ ಇದ್ದರೆ ಇರಲಿ, ಬೂಷ್ಟು ಕಂಡರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟು ಬನ್ನಿ.